ಮನೆಯ ಶೆಡ್ಡಿಗೊಂದು ಸಣ್ಣ ಮಿಗ್ ವೆಲ್ಡಿಂಗ್ ಮಷಿನ್: ಆಂಪಿಯರ್ ನೋಡುವ ಮೊದಲು ನೋಡಬೇಕಾದದ್ದು

ಬೆಳಗಾವಿಯ ಉದ್ಯಮಬಾಗದ ಫ್ಯಾಬ್ರಿಕೇಷನ್ ಶೆಡ್ಡುಗಳಿಗೆ ಮಿಗ್ ವೆಲ್ಡಿಂಗ್, ಅಂದರೆ ಯಂತ್ರವೇ ತಳ್ಳುವ ತಂತಿಯನ್ನು ಆರ್ಕಿನಲ್ಲಿ (ತಂತಿಗೂ ಕಬ್ಬಿಣಕ್ಕೂ ನಡುವೆ ಹೊತ್ತುವ ವಿದ್ಯುತ್ ಜ್ವಾಲೆಯಲ್ಲಿ) ಕರಗಿಸಿ ಹಾಕುವ ಬೆಸುಗೆ, ಹೊಸದಲ್ಲ. ಅಲ್ಲಿರುವುದು ಮೂರು ಫೇಸಿನ ವಿದ್ಯುತ್ತಿನಲ್ಲಿ ನಡೆಯುವ, 15 ಕಿಲೋ ತಂತಿಯ ಸುರುಳಿ ಹಿಡಿಯುವ ದೊಡ್ಡ ಯಂತ್ರಗಳು. ಮನೆಯ ಹಿತ್ತಲಿನಲ್ಲಿ ಗೇಟು, ಗ್ರಿಲ್, ಕಪಾಟಿನ ಚೌಕಟ್ಟು, ಕೈಗಾಡಿಗಳನ್ನು ತಾನೇ ಮಾಡಿಕೊಳ್ಳುವವನಿಗೆ ಬೇಕಾದ ಯಂತ್ರ ಬೇರೆಯೇ. ನಾನು ಬಳಸುತ್ತಿರುವುದು ಸಿಂಗಲ್ ಫೇಸ್ 230 ವೋಲ್ಟಿನಲ್ಲಿ ನಡೆಯುವ, ಮುಖದ ಮೇಲೆ 200 ಆಂಪಿಯರ್ ಎಂದು ಬರೆದಿರುವ, 5 ಕಿಲೋ ಸುರುಳಿಯ ಇನ್ವರ್ಟರ್ (ಎಲೆಕ್ಟ್ರಾನಿಕ್ ಬಗೆಯ) ಮಿಗ್. ಇದನ್ನು ಕೊಳ್ಳಬಹುದೆಂದೇ ನಾನು ಹೇಳುತ್ತೇನೆ, ಆದರೆ ಅದಕ್ಕೆ ಕಾರಣ ಮುಖದ ಮೇಲಿನ ಆ ಅಂಕಿಯಲ್ಲ.

200 ಆಂಪಿಯರಿನಲ್ಲಿ ಬೆಸುಗೆ ಹಾಕುವಾಗ ಆರ್ಕಿನ ವೋಲ್ಟೇಜು ಸುಮಾರು 24 ಇರುತ್ತದೆ, ಅಂದರೆ ಯಂತ್ರ ಹೊರಗೆ ಕೊಡುವ ಶಕ್ತಿಯೇ 4.8 ಕಿಲೋವ್ಯಾಟ್. ಯಂತ್ರದೊಳಗಿನ ನಷ್ಟ ಮತ್ತು ಪವರ್ ಫ್ಯಾಕ್ಟರನ್ನು (ಎಳೆದ ಕರೆಂಟಿನಲ್ಲಿ ಕೆಲಸಕ್ಕೆ ಬರುವ ಪಾಲನ್ನು) ಸೇರಿಸಿ ಲೆಕ್ಕ ಹಾಕಿದರೆ ಗೋಡೆಯ ಸಾಕೆಟ್ಟಿನಿಂದ ಅದು 30 ಆಂಪಿಯರಿಗೂ ಮೀರಿ ಎಳೆಯಬಹುದು, ಮನೆಯ ದೊಡ್ಡ ಸಾಕೆಟ್ಟಾದರೋ 16 ಆಂಪಿಯರಿನದು. ಆದ್ದರಿಂದ ಮನೆಯಲ್ಲಿ ಇಂಥ ಯಂತ್ರವನ್ನು ನೆಮ್ಮದಿಯಾಗಿ ನಡೆಸಬಹುದಾದ ಮಿತಿ ಸುಮಾರು 100 ಆಂಪಿಯರ್ ಎಂದಿಟ್ಟುಕೊಳ್ಳಬೇಕು. ಅದು ಕಡಿಮೆಯೇನಲ್ಲ: 0.8 ಮಿಲಿಮೀಟರ್ ತಂತಿಯೊಂದಿಗೆ 2ರಿಂದ 3 ಮಿಲಿಮೀಟರ್ ದಪ್ಪದ ಚೌಕ ಪೈಪಿಗೆ, ಆಂಗಲ್ಲಿಗೆ ಅಷ್ಟು ಸಾಕು. ಅದಕ್ಕಿಂತ ಹೆಚ್ಚು ಬೇಕೆನ್ನುವವರು ಮೊದಲು ಹೆಸ್ಕಾಂ ಬಿಲ್ಲಿನಲ್ಲಿರುವ ಮಂಜೂರಾದ ಲೋಡನ್ನು ನೋಡಿ, ಮೀಟರಿನಿಂದ ಶೆಡ್ಡಿಗೆ ಪ್ರತ್ಯೇಕ ದಪ್ಪ ಕೇಬಲ್, ಎಂಸಿಬಿ ಮತ್ತು ಸರಿಯಾದ ಅರ್ಥಿಂಗ್ ಮಾಡಿಸಿಕೊಳ್ಳಬೇಕು.

ಹಾಗಿದ್ದರೆ 200ರ ಯಂತ್ರವೇ ಏಕೆ ಎಂದರೆ, ಉತ್ತರ ಡ್ಯೂಟಿ ಸೈಕಲ್ಲಿನಲ್ಲಿದೆ. ಹಿಂಬದಿಯ ಫಲಕದಲ್ಲಿ 200 ಆಂಪಿಯರಿಗೆ 35 ಪ್ರತಿಶತ ಎಂದಿದ್ದರೆ, ಹತ್ತು ನಿಮಿಷದಲ್ಲಿ ಮೂರೂವರೆ ನಿಮಿಷ ಮಾತ್ರ ಅಷ್ಟು ಕರೆಂಟಿನಲ್ಲಿ ಕೆಲಸ ಮಾಡಬಹುದು ಎಂದರ್ಥ. ಅದೇ ಯಂತ್ರ 100 ಆಂಪಿಯರಿನಲ್ಲಿ ಎಡೆಬಿಡದೆ ನಡೆಯುತ್ತದೆ. ಈ ಅಂಕಿಗಳನ್ನು ಅಳೆಯುವುದು 40 ಡಿಗ್ರಿ ಉಷ್ಣಾಂಶದಲ್ಲಿ. ಬೆಳಗಾವಿಯ ಹವೆಗೆ ಇದು ದೊಡ್ಡ ಮಾತಲ್ಲ, ಆದರೆ ವಿಜಯಪುರ, ಬಾಗಲಕೋಟೆಗಳ ಮೇ ತಿಂಗಳಿನಲ್ಲಿ ತಗಡಿನ ಚಾವಣಿಯ ಕೆಳಗೆ ಕೆಲಸ ಮಾಡುವವರು ಇದನ್ನು ಗಂಭೀರವಾಗಿ ಪರಿಗಣಿಸಿ ಒಂದಿಷ್ಟು ಹೆಚ್ಚಿನ ಸಾಮರ್ಥ್ಯದ ಯಂತ್ರವನ್ನೇ ಆರಿಸಿಕೊಳ್ಳುವುದು ಒಳ್ಳೆಯದು.

ಯಂತ್ರದ ಯೋಗ್ಯತೆ ನಿಜವಾಗಿ ಗೊತ್ತಾಗುವುದು ಪಕ್ಕದ ಬಾಗಿಲನ್ನು ತೆರೆದಾಗ. ತಂತಿಯನ್ನು ತಳ್ಳುವ ರೋಲರಿನ ಚೌಕಟ್ಟು ಲೋಹದ್ದೋ ಪ್ಲಾಸ್ಟಿಕ್ಕಿನದೋ, ರೋಲರಿನ ಮೇಲಿನ ತೋಡು ತಂತಿಯ ಅಳತೆಗೆ ಹೊಂದುತ್ತದೆಯೋ, ಒತ್ತಡದ ಸ್ಪ್ರಿಂಗು ಬಿಗಿ ಮಾಡಿದಲ್ಲಿಯೇ ನಿಲ್ಲುತ್ತದೆಯೋ ಎಂಬುದನ್ನು ಅಂಗಡಿಯಲ್ಲಿಯೇ ನೋಡಬೇಕು, ಏಕೆಂದರೆ ಮಿಗ್ ಬೆಸುಗೆಯಲ್ಲಿ ತಂತಿಯ ವೇಗವೇ ಕರೆಂಟನ್ನು ನಿರ್ಧರಿಸುತ್ತದೆ, ತಂತಿ ತಡವರಿಸಿದರೆ ಆರ್ಕು ಕೂಡ ತಡವರಿಸುತ್ತದೆ. ನನ್ನ ಯಂತ್ರದ ಫೀಡರ್ ಲೋಹದ್ದು; ಟಾರ್ಚಿನ (ತಂತಿ ಹೊರಬರುವ ಕೈಹಿಡಿಕೆಯ) ತುದಿಯನ್ನು ಮರದ ತುಂಡಿಗೆ ಓರೆಯಾಗಿ ಹಿಡಿದು ತಂತಿ ಬಿಟ್ಟರೆ ಅದು ಬಾಗಿ ಸುತ್ತಿಕೊಳ್ಳುತ್ತ ಒಂದೇ ವೇಗದಲ್ಲಿ ಬರುತ್ತದೆ. ಟಾರ್ಚಿನ ಜೋಡಣೆ ಯೂರೋ ಕನೆಕ್ಟರ್ ಮಾದರಿಯದಾಗಿರುವುದು ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾದ ಅಂಶ. ಸವೆದ ಟಿಪ್ಪು, ನಾಝಲ್ಲು, ಕೊನೆಗೆ ಇಡೀ ಟಾರ್ಚನ್ನೇ ಯಾವ ಕಂಪನಿಯದಾದರೂ ತಂದು ಹಾಕಬಹುದು. ಟಾರ್ಚನ್ನು ಯಂತ್ರದೊಳಗೇ ಕಾಯಂ ಜೋಡಿಸಿ ಮಾರುವ ಅಗ್ಗದ ಮಾದರಿಗಳಲ್ಲಿ ಈ ಸ್ವಾತಂತ್ರ್ಯವಿಲ್ಲ. ಇದರೊಂದಿಗೆ ಬಂದ ಅರ್ಥ್ ಕ್ಲ್ಯಾಂಪ್ ಮಾತ್ರ ತೀರ ತೆಳು, ಹಿಡಿತ ಸಾಲದೆ ಆರ್ಕು ನಡುಗುತ್ತಿತ್ತು. ಗಟ್ಟಿಯಾದ ಹಿತ್ತಾಳೆಯ ಕ್ಲ್ಯಾಂಪ್ ಹಾಕಿದ ಮೇಲೆ ಸರಿಹೋಯಿತು.

ಕರಗಿದ ಲೋಹವನ್ನು ಗಾಳಿಯಿಂದ ಕಾಯಲು ಗ್ಯಾಸೋ, ಗ್ಯಾಸ್ ಇಲ್ಲದ ತಂತಿಯೋ ಎಂಬುದು ಮುಂದಿನ ಪ್ರಶ್ನೆ. ಒಳಗೆ ಫ್ಲಕ್ಸ್ (ಉರಿದು ತಾನೇ ಆ ರಕ್ಷಣೆ ಕೊಡುವ ಪುಡಿ) ತುಂಬಿದ ತಂತಿಗೆ ಸಿಲಿಂಡರ್ ಬೇಡ, ಗಾಳಿಯಲ್ಲಿಯೂ ಬೆಸುಗೆ ಕೆಡುವುದಿಲ್ಲ, ಹೀಗಾಗಿ ಹೊಲದಲ್ಲಿ ನಿಂತು ಗೇಟು ಕೂರಿಸುವವರಿಗೆ ಅದು ಅನುಕೂಲ. ಆದರೆ ಹೊಗೆ ಹೆಚ್ಚು, ಕಿಟ್ಟವನ್ನು ಬಡಿದು ತೆಗೆಯಬೇಕು, ತಂತಿಯ ಬೆಲೆಯೂ ಹೆಚ್ಚು. ಫ್ಲಕ್ಸ್ ತಂತಿಗೆ ಟಾರ್ಚು ಮೈನಸ್ಸಿಗೂ, ತಾಮ್ರದ ಲೇಪವಿರುವ ಸಾಲಿಡ್ ತಂತಿಗೆ ಪ್ಲಸ್ಸಿಗೂ ಇರಬೇಕಾದ್ದರಿಂದ ಧ್ರುವ ಬದಲಾಯಿಸುವ ಸೌಲಭ್ಯವಿಲ್ಲದ ಯಂತ್ರವನ್ನು ಕೊಳ್ಳಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯೊಳಗಿನ ಕೆಲಸಕ್ಕೆ ನಾನು ಸಾಲಿಡ್ ತಂತಿ ಮತ್ತು ಕಾರ್ಬನ್ ಡೈಆಕ್ಸೈಡನ್ನೇ ಒಪ್ಪುತ್ತೇನೆ. ಆರ್ಗಾನ್ ಬೆರೆತ ಗ್ಯಾಸಿನಲ್ಲಿ ಕಿಡಿ ಸಿಡಿಯುವುದು ಕಡಿಮೆ, ತೆಳು ತಗಡಿಗೆ ಅದು ಮೃದು ಎಂಬುದು ನಿಜ. ಆದರೆ ಗ್ರಿಲ್ಲಿಗೆ ಆ ಖರ್ಚು ಬೇಕಿಲ್ಲ. ನಿಮಿಷಕ್ಕೆ 10 ಲೀಟರ್ ಬಿಟ್ಟರೆ ಒಂದು ಕಿಲೋ ಕಾರ್ಬನ್ ಡೈಆಕ್ಸೈಡ್ ಆರ್ಕು ಉರಿಯುವ ಲೆಕ್ಕದಲ್ಲಿ ಐವತ್ತು ನಿಮಿಷಕ್ಕೂ ಹೆಚ್ಚು ಬರುತ್ತದೆ. ಒಂದು ಕಿಲೋ 0.8ರ ತಂತಿಯಲ್ಲಿ ಸುಮಾರು 250 ಮೀಟರ್ ಇರುವುದರಿಂದ ಅದೂ ಹೆಚ್ಚುಕಡಿಮೆ ಅಷ್ಟೇ ಹೊತ್ತು ಬಾಳುತ್ತದೆ. ಸುರುಳಿ ಚಿಕ್ಕದಾದಷ್ಟೂ ಕಿಲೋದ ದರ ಏರುವುದರಿಂದಲೇ ನಾನು 5 ಕಿಲೋ ಸುರುಳಿಯ ಯಂತ್ರವನ್ನು ಆರಿಸಿದ್ದು.

ನಮ್ಮೂರಿನ ಮಳೆಗಾಲ ಈ ಯಂತ್ರಕ್ಕೆ ಎರಡು ಬಗೆಯಲ್ಲಿ ತೊಡಕಾಗುತ್ತದೆ. ಜುಲೈ ತಿಂಗಳಿನ ಗಾಳಿ ತೆರೆದ ಶೆಡ್ಡಿನೊಳಗೆ ನುಗ್ಗಿ ಗ್ಯಾಸಿನ ಹೊದಿಕೆಯನ್ನು ಹಾರಿಸಿಬಿಟ್ಟರೆ ಬೆಸುಗೆಯ ತುಂಬ ಸಣ್ಣ ತೂತುಗಳು ಬೀಳುತ್ತವೆ. ಗಾಳಿ ಬರುವ ಕಡೆ ತಗಡನ್ನು ಅಡ್ಡ ನಿಲ್ಲಿಸಬೇಕು, ಆದರೆ ಹೊಗೆ ಹೊರಹೋಗುವ ದಾರಿಯನ್ನು ಮುಚ್ಚಬಾರದು. ಇನ್ನೊಂದು ತೊಡಕು ತಂತಿಯ ತುಕ್ಕು. ಫೀಡರಿನಲ್ಲಿಯೇ ಬಿಟ್ಟ ಸುರುಳಿ ತೇವಕ್ಕೆ ಮಂಕಾಗಿ ಟಾರ್ಚಿನ ಒಳಗೊಳವೆಯಲ್ಲಿ ಸಿಕ್ಕಿಕೊಳ್ಳುತ್ತದೆ, ಆದ್ದರಿಂದ ಕೆಲಸವಿಲ್ಲದ ವಾರಗಳಲ್ಲಿ ಅದನ್ನು ತೆಗೆದು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುತ್ತೇನೆ. ಜಿಐ ಪೈಪಿನ ಸತುವಿನ ಲೇಪವನ್ನು ಉಜ್ಜಿ ತೆಗೆಯದೆ ಬೆಸೆಯಬೇಡಿ. ಆ ಬಿಳಿ ಹೊಗೆ ಉಸಿರಿಗೆ ಸೇರಿದರೆ ಜ್ವರ ಬರುತ್ತದೆ.

ಕೂರಿಗೆ, ಕುಂಟೆ, ಟ್ರೇಲರಿನ ದಪ್ಪ ಪಟ್ಟಿಗಳ ರಿಪೇರಿಯಷ್ಟೇ ಕೆಲಸವಾಗಿರುವವರಿಗೆ ಇದೇ ಹಣದಲ್ಲಿ ಬರುವ ಒಳ್ಳೆಯ ರಾಡ್ ವೆಲ್ಡಿಂಗ್ ಮಷಿನ್ ಹೆಚ್ಚು ಉಪಯುಕ್ತ, ಏಕೆಂದರೆ ಮಣ್ಣು, ತುಕ್ಕು ಮೆತ್ತಿದ ಕಬ್ಬಿಣವನ್ನು ಮಿಗ್ ಸಹಿಸುವುದಿಲ್ಲ. ನನ್ನದು ಸೇರಿದಂತೆ ಹಲವು ಮಿಗ್ ಯಂತ್ರಗಳಲ್ಲಿ ರಾಡ್ ಹಿಡಿಕೆಯನ್ನೂ ಜೋಡಿಸಬಹುದು. ಎರಡೂ ಬಗೆಯ ಕೆಲಸವಿರುವವರು ಕೊಳ್ಳುವಾಗಲೇ ಆ ಹಿಡಿಕೆ ಪೆಟ್ಟಿಗೆಯಲ್ಲಿದೆಯೇ, ಬೇರೆ ಕೊಳ್ಳಬೇಕೇ ಎಂದು ಕೇಳಿ, ಬಿಲ್ಲಿನಲ್ಲಿ ಬರೆಸಿಕೊಳ್ಳಬೇಕು.