ಎರಡು 3060 ಬೇಕೋ, ಒಂದು 3090 ಬೇಕೋ? ಎರಡನ್ನೂ ಓಡಿಸಿ ನೋಡಿದೆ

ಕಾಗದದ ಮೇಲೆ ಲೆಕ್ಕ ಹಾಕಿದರೆ ಎರಡೂ ಕಡೆ ಹತ್ತಿರ ಹತ್ತಿರ ಸಮ. ಎನ್‌ವಿಡಿಯಾ ಆರ್‌ಟಿಎಕ್ಸ್ 3060 ಗ್ರಾಫಿಕ್ಸ್ ಕಾರ್ಡಿನಲ್ಲಿ 12 ಜಿಬಿ ಮೆಮೊರಿ, 170 ವ್ಯಾಟ್. ಅಂಥವು ಎರಡು ಹಾಕಿದರೆ 24 ಜಿಬಿ, 340 ವ್ಯಾಟ್. ಆರ್‌ಟಿಎಕ್ಸ್ 3090 ಒಂದೇ ಕಾರ್ಡು, ಆದರೆ 24 ಜಿಬಿ, 350 ವ್ಯಾಟ್. ಹಾಗಿದ್ದರೆ ಎರಡು ಚಿಕ್ಕವು ಒಂದು ದೊಡ್ಡದಕ್ಕೆ ಸಮ ಅಲ್ವಾ?

ಪ್ರೊಸೆಸರ್, ರ‍್ಯಾಮ್, ಡಿಸ್ಕ್ ಎಲ್ಲಾ ಅದೇ ಇಟ್ಟುಕೊಂಡು ಕಾರ್ಡುಗಳನ್ನು ಮಾತ್ರ ಬದಲಾಯಿಸಿ ನನ್ನ ದಿನದ ಕೆಲಸಕ್ಕೆ ಹಚ್ಚಿದೆ. ಬ್ಲೆಂಡರ್ ಎಂಬ 3ಡಿ ತಂತ್ರಾಂಶದಲ್ಲಿ ರೆಂಡರ್ (ದೃಶ್ಯವನ್ನು ಲೆಕ್ಕ ಹಾಕಿ ಚಿತ್ರವಾಗಿಸುವುದು), ನನ್ನ ಯಂತ್ರದಲ್ಲೇ ಓಡುವ ಭಾಷಾ ಮಾಡೆಲ್, ಚಿತ್ರ ಮಾಡಿಕೊಡುವ ಮಾಡೆಲ್, ಬಿಡುವಿದ್ದಾಗ ಗೇಮ್. ಒಂದೊಂದು ಕೆಲಸಕ್ಕೆ ಒಂದೊಂದು ಉತ್ತರ ಬಂತು. ಕೆಲಸವನ್ನು ತುಂಡು ಮಾಡಿ ಹಂಚಲು ಬರುತ್ತದೆಯೇ? ಹಂಚಿದ ಪಾಲು 12 ಜಿಬಿಯೊಳಗೆ ಹಿಡಿಸುತ್ತದೆಯೇ? ಇಡೀ ಹೋಲಿಕೆ ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ.

ಗೇಮ್ ವಿಷಯ ಬೇಗ ಮುಗಿಸಿಬಿಡುತ್ತೇನೆ. ಗೇಮಿಗಾಗಿ ಎರಡು ಕಾರ್ಡು ಬೇಡವೇ ಬೇಡ. ಎರಡು ಕಾರ್ಡು ಸೇರಿ ಒಂದೇ ಗೇಮ್ ಓಡಿಸುವ ಎಸ್‌ಎಲ್‌ಐ ಸೌಲಭ್ಯವೇ 3060ರಲ್ಲಿ ಇಲ್ಲ. ಒಂದು ಕಾರ್ಡು ಬೆವರು ಸುರಿಸುತ್ತಿದ್ದರೆ ಇನ್ನೊಂದು ಸುಮ್ನೆ ಕೂತಿರುತ್ತದೆ. ಒಂದು ಕಾಲದಲ್ಲಿ ಜೋಡಿ ಕಾರ್ಡಿಗೆ ಬೆಲೆ ಇತ್ತು. 1998ರಲ್ಲಿ ಬಂದ ವೂಡೂ 2 ಕಾರ್ಡುಗಳು ಎಸ್‌ಎಲ್‌ಐ ಹೆಸರಿನಲ್ಲೇ ಪರದೆಯ ಸಾಲುಗಳನ್ನು ಬಿಟ್ಟು ಬಿಟ್ಟು ಹಂಚಿಕೊಳ್ಳುತ್ತಿದ್ದವು. 2004ರಲ್ಲಿ ಎನ್‌ವಿಡಿಯಾ ಎಸ್‌ಎಲ್‌ಐ ಹೆಸರನ್ನು ಮತ್ತೆ ತಂದಿತು, ಮರುವರ್ಷ ಎಟಿಐ ಅಂಥದ್ದೇ ಕ್ರಾಸ್‌ಫೈರ್ ತಂದಿತು. ಆಗ ಹೆಚ್ಚಾಗಿ ನಡೆಯುತ್ತಿದ್ದದ್ದು ಒಂದು ಫ್ರೇಮ್ ಈ ಕಾರ್ಡು, ಮುಂದಿನ ಫ್ರೇಮ್ ಆ ಕಾರ್ಡು ಎಂಬ ಲೆಕ್ಕ. ಸೆಕೆಂಡಿಗೆ ಎಷ್ಟು ಫ್ರೇಮ್ ಅಂತ ನೋಡಿದರೆ ಸಂಖ್ಯೆ ಚೆನ್ನಾಗಿಯೇ ಇರುತ್ತಿತ್ತು. ಆದರೆ ಅವು ಸಮ ಅಂತರದಲ್ಲಿ ಬರುತ್ತಿರಲಿಲ್ಲ, ಹಾಗಾಗಿ ಕಣ್ಣಿಗೆ ತಡವರಿಸಿದಂತೆ ಕಾಣುತ್ತಿತ್ತು. ಆಮೇಲೆ ಬಂದ ಗೇಮ್‌ಗಳು ಹಿಂದಿನ ಫ್ರೇಮಿನ ಮಾಹಿತಿ ಬಳಸಿಕೊಂಡು ಈಗಿನ ಫ್ರೇಮನ್ನು ನಯಮಾಡುತ್ತವೆ. ಹಿಂದಿನ ಫ್ರೇಮ್ ಇನ್ನೊಂದು ಕಾರ್ಡಿನಲ್ಲಿದ್ದರೆ ಅದನ್ನು ತರಿಸಿಕೊಳ್ಳುವುದರಲ್ಲೇ ಲಾಭ ಕರಗಿಹೋಗುತ್ತದೆ. 30ರ ಸರಣಿಯ ಗೇಮಿಂಗ್ ಕಾರ್ಡುಗಳಲ್ಲಿ ಎನ್‌ವಿಲಿಂಕ್ (ಎರಡು ಕಾರ್ಡುಗಳನ್ನು ನೇರವಾಗಿ ಬೆಸೆಯುವ ಸೌಲಭ್ಯ) ಉಳಿದದ್ದು 3090 ಮತ್ತು 3090 ಟಿಐಗೆ ಮಾತ್ರ. 40ರ ಸರಣಿಗೆ ಅದೂ ಇಲ್ಲ. ಗೇಮ್ ಆಡುವುದೇ ಮುಖ್ಯ ಎಂದಾದರೆ ಇರುವ ಹಣಕ್ಕೆ ಸಿಗುವ ಒಂದು ಗಟ್ಟಿ ಕಾರ್ಡು ತಗೊಳ್ಳಿ.

ಬ್ಲೆಂಡರ್‌ನಲ್ಲಿ ಕಥೆ ಪೂರ್ತಿ ಬೇರೆ. ಅದರ ಸೈಕಲ್ಸ್ ರೆಂಡರ್ ಎಂಜಿನ್‌ಗೆ ಕೆಲಸ ಹಂಚಿಕೊಳ್ಳಲು ಕಾರ್ಡುಗಳ ನಡುವೆ ಯಾವ ಬ್ರಿಡ್ಜೂ ಬೇಡ. ಸೆಟ್ಟಿಂಗ್ಸ್‌ನಲ್ಲಿ ಆಪ್ಟಿಕ್ಸ್ (ಎನ್‌ವಿಡಿಯಾ ಕಾರ್ಡಿನಲ್ಲಿ ರೆಂಡರ್ ಮಾಡುವ ಆಯ್ಕೆ) ಆರಿಸಿ ಎರಡೂ ಕಾರ್ಡಿಗೆ ಟಿಕ್ ಹಾಕಿದರೆ ಸಾಕು. ಬೆಳಕಿನ ಒಂದು ಕಿರಣದ ಲೆಕ್ಕ ಇನ್ನೊಂದರ ಲೆಕ್ಕಕ್ಕೆ ಕಾಯಬೇಕಿಲ್ಲ, ಅದಕ್ಕೇ ಇದು ಇಷ್ಟು ಚೆನ್ನಾಗಿ ಹಂಚಿಕೆಯಾಗುತ್ತದೆ. ಒಂದು 3060ಗೆ ಹಿಡಿಯುತ್ತಿದ್ದ ಸಮಯ ಎರಡು ಹಾಕಿದಾಗ ಹೆಚ್ಚೂಕಡಿಮೆ ಅರ್ಧಕ್ಕೆ ಇಳಿಯಿತು. 3090 ಇನ್ನೂ ಸ್ವಲ್ಪ ಮುಂದೆಯೇ ಇತ್ತು. ಅದರಲ್ಲಿ 10,496 ಕುಡಾ ಕೋರ್‌ಗಳಿವೆ (ಲೆಕ್ಕ ಮಾಡುವ ಘಟಕಗಳು), ಎರಡು 3060 ಸೇರಿದರೆ 7,168. ಆ ಅಂತರ ನೋಡಿದರೆ ಚಿಕ್ಕ ಕಾರ್ಡುಗಳು ಚೆನ್ನಾಗಿಯೇ ಸೆಣಸಿದವು ಎನ್ನಬೇಕು.

ಜೋಡಿಯಲ್ಲಿ ನನಗೆ ನಿಜವಾಗಿ ಇಷ್ಟವಾದದ್ದು ವೇಗವಲ್ಲ. ಮಾನಿಟರ್ ಸಿಕ್ಕಿಸಿದ ಕಾರ್ಡನ್ನು ರೆಂಡರ್‌ನಿಂದ ಬಿಟ್ಟು, ಇನ್ನೊಂದಕ್ಕೆ ಮಾತ್ರ ಕೆಲಸ ಕೊಟ್ಟು ನೋಡಿ. ಹಿಂದೆ ರೆಂಡರ್ ಓಡುತ್ತಿರುತ್ತದೆ, ಮುಂದೆ ನೀವು ಇನ್ನೊಂದು ಫೈಲಿನಲ್ಲಿ ಆರಾಮವಾಗಿ ಮಾಡೆಲಿಂಗ್ ಮಾಡುತ್ತಿರಬಹುದು. 3090 ಒಂದೇ ಇದ್ದಾಗ ರೆಂಡರ್ ಶುರುವಾದರೆ ಮೌಸ್ ಪಾಯಿಂಟರ್ ಕೂಡ ಎಳೆದೆಳೆದು ಓಡುತ್ತಿತ್ತು.

ಅನಿಮೇಶನ್‌ಗೆ ಇನ್ನೂ ಒಳ್ಳೆಯ ದಾರಿ ಇದೆ. ಬ್ಲೆಂಡರನ್ನು ಎರಡು ಸಲ ತೆರೆದು ಒಂದೊಂದಕ್ಕೂ ಒಂದೊಂದು ಕಾರ್ಡು ಕೊಡಿ. ಔಟ್‌ಪುಟ್ ಸೆಟ್ಟಿಂಗ್‌ನಲ್ಲಿ ಓವರ್‌ರೈಟ್ ತೆಗೆದು ಪ್ಲೇಸ್‌ಹೋಲ್ಡರ್ಸ್ ಹಾಕಿ, ಎರಡಕ್ಕೂ ಒಂದೇ ಫೋಲ್ಡರ್ ತೋರಿಸಿ. ಒಂದು ಕೈಹಾಕಿದ ಫ್ರೇಮನ್ನು ಇನ್ನೊಂದು ಮುಟ್ಟುವುದಿಲ್ಲ, ಮುಂದಿನದಕ್ಕೆ ಹೋಗುತ್ತದೆ. ಒಂದು ಕಾರ್ಡು ಲೆಕ್ಕ ಮಾಡುತ್ತಿರುವಾಗ ಇನ್ನೊಂದರ ದೃಶ್ಯವನ್ನು ಪ್ರೊಸೆಸರ್ ಸಿದ್ಧ ಮಾಡುತ್ತಿರುತ್ತದೆ. ಫ್ರೇಮ್‌ಗಳು ಬೇಗ ಮುಗಿಯುವಂಥವಾದಷ್ಟೂ ಇದರ ಲಾಭ ಜಾಸ್ತಿ. ಸಿಸ್ಟಂ ರ‍್ಯಾಮ್ ಮಾತ್ರ ಎರಡು ಪಟ್ಟು ಬೇಕಾಗುತ್ತದೆ.

ಇಷ್ಟೆಲ್ಲಾ ಸರಿ, ಆದರೆ ದೃಶ್ಯ 12 ಜಿಬಿ ಮೀರಿತೋ, ಅಲ್ಲಿಗೆ ಆಟ ಮುಗಿಯಿತು. ಎರಡು ಕಾರ್ಡುಗಳ ಮೆಮೊರಿ ಒಟ್ಟುಗೂಡುವುದಿಲ್ಲ. ಇಡೀ ದೃಶ್ಯ ಎರಡರಲ್ಲೂ ಪೂರ್ತಿಯಾಗಿ ಕೂರಬೇಕು. ಒಂದು 8ಕೆ ಟೆಕ್ಸ್ಚರ್ (ವಸ್ತುವಿನ ಮೇಲ್ಮೈಗೆ ಹೊದಿಸುವ ಚಿತ್ರ) ಅಂದರೆ 8192 ಗುಣಿಸು 8192 ಪಿಕ್ಸೆಲ್, ಒಂದೊಂದಕ್ಕೆ 4 ಬೈಟ್. ಕಾರ್ಡಿನೊಳಗೆ ಅದು 256 ಎಂಬಿ. ಬಣ್ಣ, ಹೊಳಪು, ಉಬ್ಬುತಗ್ಗು ಅಂತ ಒಂದು ಪಾತ್ರಕ್ಕೆ ಅಂಥ ನಾಲ್ಕು ಹಾಕಿದರೆ 1 ಜಿಬಿ ಹೋಯಿತು. ಹತ್ತು ಪಾತ್ರ ನಿಲ್ಲಿಸಿ, ಹಿಂದೆ ಒಂದು ಕಾಡು ಬೆಳೆಸಿ. 3060ಗಳಲ್ಲಿ ಒಂದೋ ರೆಂಡರ್ ನಿಂತೇ ಹೋಗುತ್ತಿತ್ತು, ಇಲ್ಲವೋ ಸಿಸ್ಟಂ ಮೆಮೊರಿಗೆ ಕೈಚಾಚಿ ಸಿಕ್ಕಾಪಟ್ಟೆ ನಿಧಾನವಾಗುತ್ತಿತ್ತು. ಅದೇ ಫೈಲನ್ನು 3090 ತಕರಾರಿಲ್ಲದೆ ಮುಗಿಸಿತು. ಟೆಕ್ಸ್ಚರ್ ಅಳತೆ ಇಳಿಸಿ ಒಗ್ಗಿಸಬಹುದು, ನಿಜ. ಆದರೆ ಪ್ರತಿ ಸಲ ಆ ಹೊಂದಾಣಿಕೆಗೆ ಕೂರುವುದು ಕಲೆಯ ಸಮಯವನ್ನು ತಿನ್ನುತ್ತದೆ, ನನಗೆ ಅದು ಸಹಿಸಲಾಗದು.

ಭಾಷಾ ಮಾಡೆಲ್‌ಗಳ ವಿಷಯದಲ್ಲಿ ಇದಕ್ಕೆ ಪೂರ್ತಿ ಉಲ್ಟಾ. ಇಲ್ಲಿ 12 ಮತ್ತು 12 ಸೇರಿ ನಿಜವಾಗಿಯೂ 24 ಆಗುತ್ತದೆ. ಲಾಮಾ ಸಿಪಿಪಿಯಂಥ ಸಾಧನಗಳು ಮಾಡೆಲಿನ ಪದರಗಳನ್ನು ಎರಡು ಕಾರ್ಡಿಗೆ ಹಂಚಿ ಇಡುತ್ತವೆ. 3,200 ಕೋಟಿ ಪ್ಯಾರಾಮೀಟರ್‌ಗಳ (ಮಾಡೆಲ್ ಕಲಿತಿಟ್ಟುಕೊಂಡ ಸಂಖ್ಯೆಗಳ) ಮಾಡೆಲ್ 4 ಬಿಟ್‌ಗೆ ಕುಗ್ಗಿಸಿದಾಗ ಸುಮಾರು 20 ಜಿಬಿ ಆಗುತ್ತದೆ. ಒಂದು 3060ರಲ್ಲಿ ಅದು ಹಿಡಿಸುವುದೇ ಇಲ್ಲ, ಎರಡರಲ್ಲಿ ಆರಾಮವಾಗಿ ಕೂತಿತು. ಮಾತುಕತೆ ಉದ್ದವಾದಂತೆ ಬೆಳೆಯುವ ಮೆಮೊರಿಗೂ ಒಂದಿಷ್ಟು ಜಾಗ ಉಳಿಯಿತು.

ಆದರೆ ವೇಗ ನೋಡಿ. ಒಂದೊಂದು ಟೋಕನ್ (ಪದ ಅಥವಾ ಪದದ ತುಣುಕು) ಹೊರಬರುವಾಗಲೂ ಮಾಡೆಲಿನ ಅಷ್ಟೂ ಪ್ಯಾರಾಮೀಟರ್‌ಗಳನ್ನು ಮೆಮೊರಿಯಿಂದ ಓದಬೇಕು. 3060ರ ಮೆಮೊರಿ ಸೆಕೆಂಡಿಗೆ 360 ಜಿಬಿ ಓದುತ್ತದೆ, 3090ರದ್ದು 936 ಜಿಬಿ. ಪದರ ಹಂಚಿದಾಗ ಎರಡು ಕಾರ್ಡೂ ಒಟ್ಟಿಗೆ ದುಡಿಯುವುದಿಲ್ಲ. ಒಂದೇ ಮೂಟೆಯನ್ನು ಅರ್ಧ ದಾರಿ ಒಬ್ಬ, ಉಳಿದರ್ಧ ಇನ್ನೊಬ್ಬ ಹೊತ್ತ ಹಾಗೆ. ಹಾಗಾಗಿ 20 ಜಿಬಿ ಮಾಡೆಲ್‌ಗೆ ಜೋಡಿಯ ಮೇಲ್ಮಿತಿ ಸೆಕೆಂಡಿಗೆ 18 ಟೋಕನ್, 3090ರದ್ದು 46ರ ಆಸುಪಾಸು. ನಿಜವಾದ ಬಳಕೆಯಲ್ಲಿ ಎರಡೂ ಇದಕ್ಕಿಂತ ಕಮ್ಮಿಯೇ ಕೊಟ್ಟವು, ಆದರೆ ನಡುವಿನ ಅಂತರ ಹಾಗೇ ಉಳಿಯಿತು. ನಾನು ಓದುವ ವೇಗಕ್ಕೆ ಜೋಡಿ ಸಾಲುತ್ತಿತ್ತು. ಉದ್ದನೆಯ ಕೋಡ್ ಬರೆಸುವಾಗ ಮಾತ್ರ 3090 ಎಷ್ಟು ಹಾಯೆನಿಸುತ್ತದೆ ಅಂತ ಗೊತ್ತಾಯಿತು. ಒಂದೇ ಪದರವನ್ನು ಅಡ್ಡಕ್ಕೆ ಸೀಳಿ ಎರಡರಲ್ಲೂ ಒಮ್ಮೆಗೇ ಓಡಿಸುವ ದಾರಿಯೂ ಇದೆ. ಆಗ ಕಾರ್ಡುಗಳು ಪದೇ ಪದೇ ಮಾತಾಡಿಕೊಳ್ಳಬೇಕು, ಮದರ್‌ಬೋರ್ಡಿನಲ್ಲಿ ಅವುಗಳ ನಡುವಿನ ಪಿಸಿಐಇ ದಾರಿ ಅಗಲ ಇರಬೇಕು.

ಚಿತ್ರ ಮಾಡುವ ಮಾಡೆಲ್‌ಗಳಲ್ಲಿ ಒಂದು ಚಿತ್ರವನ್ನು ಎರಡು ಕಾರ್ಡಿಗೆ ಹಂಚುವುದು ಸಾಮಾನ್ಯ ಸಾಧನಗಳಲ್ಲಿ ಸುಲಭಕ್ಕೆ ಆಗದ ಮಾತು. ಒಂದೊಂದು ಕಾರ್ಡಿನಲ್ಲಿ ಒಂದೊಂದು ಚಿತ್ರ ಓಡಿಸಬಹುದು, ಅಷ್ಟೇ. ರಾಶಿ ಚಿತ್ರ ಬೇಕಾದವರಿಗೆ ಅದು ಸಾಕು. ಪ್ರಾಂಪ್ಟ್ ತಿದ್ದಿ ತಿದ್ದಿ ನೋಡುವ ನನ್ನಂಥವರಿಗೆ ಒಂದು ಚಿತ್ರ ಬೇಗ ಬರುವುದೇ ಮುಖ್ಯ.

ಕೊಳ್ಳುವ ಮುಂಚೆ ಮದರ್‌ಬೋರ್ಡಿನ ಕೈಪಿಡಿ ತೆಗೆದು ನೋಡಲೇಬೇಕು. ಎರಡು ಉದ್ದನೆಯ ಸ್ಲಾಟ್ ಕಂಡ ಮಾತ್ರಕ್ಕೆ ಎರಡರಲ್ಲೂ ಹದಿನಾರು ಲೇನ್ (ಮಾಹಿತಿ ಓಡಾಡುವ ಪಿಸಿಐಇ ಸಾಲುಗಳು) ಇರುವುದಿಲ್ಲ. ಒಳ್ಳೆಯ ಬೋರ್ಡಾದರೆ ಎಂಟು ಎಂಟು ಅಂತ ಪಾಲಾಗುತ್ತದೆ. ಅನೇಕ ಬೋರ್ಡುಗಳಲ್ಲಿ ಎರಡನೆಯದು ಚಿಪ್‌ಸೆಟ್ ಮೂಲಕ ಬರುವ ನಾಲ್ಕೇ ಲೇನ್. ರೆಂಡರ್‌ಗೆ, ಪದರ ಹಂಚಿಕೆಗೆ ಅದರಿಂದ ದೊಡ್ಡ ತೊಂದರೆ ಇಲ್ಲ. ಸ್ಲಾಟ್‌ಗಳ ನಡುವಿನ ಜಾಗ ಅದಕ್ಕಿಂತ ಮುಖ್ಯ. ಎರಡೂ ಒತ್ತೊತ್ತಾಗಿ ಕೂತರೆ ಮೇಲಿನ ಕಾರ್ಡಿಗೆ ಕೆಳಗಿನದರ ಬಿಸಿಗಾಳಿಯೇ ಗತಿ. ನನ್ನಲ್ಲಿ ಮೇಲಿನದು ಯಾವಾಗಲೂ ಜಾಸ್ತಿ ಕಾಯುತ್ತಿತ್ತು, ಫ್ಯಾನ್ ಸದ್ದೂ ಜಾಸ್ತಿ.

3090ಗೂ ಅದರದೇ ಕಾಟ ಇದೆ. ಎನ್‌ವಿಡಿಯಾದ ಸ್ವಂತ ಮಾದರಿಯೇ 313 ಮಿಲಿಮೀಟರ್ ಉದ್ದ, ಮೂರು ಸ್ಲಾಟ್ ದಪ್ಪ. ಮೆಮೊರಿ ಚಿಪ್‌ಗಳಲ್ಲಿ ಅರ್ಧ ಹಿಂಬದಿಯಲ್ಲಿವೆ, ಹಾಗಾಗಿ ಹಿಂದಿನ ಲೋಹದ ತಟ್ಟೆ ಮುಟ್ಟಲಾಗದಷ್ಟು ಬಿಸಿಯಾಗುತ್ತದೆ. ಕ್ಷಣಮಾತ್ರಕ್ಕೆ 350 ವ್ಯಾಟ್ ದಾಟಿ ಜಿಗಿಯುವ ಅಭ್ಯಾಸವೂ ಅದಕ್ಕಿದೆ. ಕಂಪನಿಯೇ 750 ವ್ಯಾಟ್ ಪವರ್ ಸಪ್ಲೈ ಬೇಕು ಎನ್ನುತ್ತದೆ, ಅದರಲ್ಲಿ ಜಿಪುಣತನ ಬೇಡ. ಡ್ರೈವರ್ ಮೂಲಕ ಮಿತಿಯನ್ನು 280 ವ್ಯಾಟ್‌ಗೆ ಇಳಿಸಿದೆ. ಬಿಸಿ, ಸದ್ದು ಎರಡೂ ಇಳಿದವು, ರೆಂಡರ್ ಸಮಯ ಅಷ್ಟೇನೂ ಏರಲಿಲ್ಲ.

ಈಗ ಒಂದು ತಗೊಂಡು ಆಮೇಲೆ ಇನ್ನೊಂದು ಸೇರಿಸುತ್ತೇನೆ ಎನ್ನುವವರು ಮೊದಲು ತಮ್ಮ ಅತಿ ಭಾರದ ಫೈಲ್ ತೆರೆದು ಎಷ್ಟು ಮೆಮೊರಿ ಹಿಡಿಯುತ್ತದೆ ಅಂತ ನೋಡಿಕೊಳ್ಳಲಿ. ಒಂದು ಕಾರ್ಡಿಗೆ ಅದು ಇವತ್ತೇ ಬಿಗಿಯಾದರೆ, ರೆಂಡರ್‌ನಲ್ಲಿ ಎರಡನೆಯದು ಬಂದರೂ ಬಿಗಿ ಸಡಿಲವಾಗುವುದಿಲ್ಲ. ನನ್ನ ಮುಖ್ಯ ಯಂತ್ರದಲ್ಲಿ 3090 ಉಳಿಯಿತು. ಎರಡು 3060ಗಳನ್ನು ಹಳೆಯ ಬೋರ್ಡೊಂದಕ್ಕೆ ಹಾಕಿ ಅನಿಮೇಶನ್‌ಗೆ ಅಂತಲೇ ಇಟ್ಟಿದ್ದೇನೆ. ಫೈಲ್ 11 ಜಿಬಿಯೊಳಗೆ ಇದ್ದರೆ ಅಲ್ಲಿಗೆ ಕಳಿಸುತ್ತೇನೆ, ಮೀರಿದರೆ ಇಲ್ಲೇ ಓಡಿಸುತ್ತೇನೆ.