ಮೈಸೂರಿನ ಲ್ಯಾಬೊಂದರ ‘ಪುರುಷ ಫಲವತ್ತತೆ ಪ್ಯಾಕೇಜ್’: ಪರೀಕ್ಷೆ ಸರಿ, ಪುಡಿ ಬೇಡ

ನಗರದ ಖಾಸಗಿ ಲ್ಯಾಬೊಂದು ಕೊಡುವ ಈ ಪ್ಯಾಕೇಜಿನಲ್ಲಿ ಮೂರು ಬಾಬತ್ತು: ವೀರ್ಯ ಪರೀಕ್ಷೆ, ಜೀವನಶೈಲಿಯ ಸಲಹೆ ಇರುವ ಒಂದು ಹಾಳೆ, ಮೂರು ತಿಂಗಳಿಗಾಗುವಷ್ಟು ಪುಡಿ. ದುಡ್ಡು ಕೊಟ್ಟಿದ್ದಕ್ಕೆ ಸಾರ್ಥಕ ಅನ್ನಿಸುವುದು ಮೊದಲನೆಯದು ಮಾತ್ರ.

ಸ್ಯಾಂಪಲ್ ಕೊಡಲು ಚಿಲಕ ಹಾಕಿಕೊಳ್ಳಬಹುದಾದ ಪ್ರತ್ಯೇಕ ಕೋಣೆ ಇದೆ. ಇದು ಬರೀ ಮರ್ಯಾದೆಯ ಪ್ರಶ್ನೆಯಲ್ಲ. ಸ್ಯಾಂಪಲ್ ಅರ್ಧ ಗಂಟೆಯೊಳಗೆ, ತಡವೆಂದರೆ ಒಂದು ಗಂಟೆಯೊಳಗೆ ಮೈಕ್ರೋಸ್ಕೋಪಿನಡಿ ಹೋಗಬೇಕು. ಮಂಡ್ಯದಿಂದ ಡಬ್ಬಿ ಹಿಡಿದು ಬಸ್ ಹತ್ತಿದರೆ 45 ಕಿ.ಮೀ. ದಾರಿ, ಸಬರ್ಬನ್ ಸ್ಟ್ಯಾಂಡಿನಿಂದ ಆಟೋ, ಆಮೇಲೆ ಕೌಂಟರಿನ ಸಾಲು. ಅಷ್ಟರಲ್ಲಿ ವೀರ್ಯಾಣುಗಳ ಓಡಾಟ ಕುಗ್ಗಿ, ಇಲ್ಲದ ದೋಷ ರಿಪೋರ್ಟಿನಲ್ಲಿ ಕಾಣಿಸುತ್ತದೆ. ಹತ್ತಿರದಿಂದ ತರುವವರೂ ಡಬ್ಬಿಯನ್ನು ಶರ್ಟಿನೊಳಗೆ ಮೈಗೆ ತಾಗಿಸಿಟ್ಟುಕೊಳ್ಳಬೇಕು. ಸ್ಕೂಟರಿನ ಡಿಕ್ಕಿ ಬೇಡ, ಫ್ರಿಜ್ ಅಂತೂ ಬೇಡವೇ ಬೇಡ.

ಕೌಂಟರಿನಲ್ಲಿ ಹೇಳುವುದು ‘ಮೂರು ದಿನ ಬಿಟ್ಟು ಬನ್ನಿ’ ಅಂತ ಅಷ್ಟೇ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ, ಹಿಂದಿನ ಸಲ ವೀರ್ಯ ಹೊರಬಂದ ಮೇಲೆ ಸ್ಯಾಂಪಲ್ ಕೊಡುವವರೆಗೆ 2ರಿಂದ 7 ದಿನದ ಅಂತರ ಸರಿ. ಎಷ್ಟು ದಿನ ಎಂಬುದು ರಿಪೋರ್ಟಿನಲ್ಲಿ ದಾಖಲಾಗಬೇಕು. ಅವರು ಹೇಳದೆ ಬಿಟ್ಟದ್ದು ಇನ್ನೂ ಇದೆ. ಸೋಪು, ಎಣ್ಣೆ, ಎಂಜಲು, ಮಾಮೂಲಿ ಕಾಂಡೋಮ್ ಯಾವುದೂ ತಗಲಬಾರದು. ಮೊದಲ ಹನಿಗಳಲ್ಲೇ ವೀರ್ಯಾಣು ಹೆಚ್ಚು, ಅದು ಚೆಲ್ಲಿಹೋದರೆ ನಾಚಿಕೆ ಬಿಟ್ಟು ಟೆಕ್ನಿಷಿಯನ್‌ಗೆ ತಿಳಿಸಿ. ಇಲ್ಲದಿದ್ದರೆ ಎಣಿಕೆ ಸುಮ್ಮನೆ ಕಡಿಮೆ ಬರುತ್ತದೆ.

ರಿಪೋರ್ಟ್ ಅಚ್ಚುಕಟ್ಟಾಗಿದೆ, ಆದರೆ ಬಲಗಡೆ ಅಚ್ಚಾಗಿರುವ ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡ 2010ರದು: ಮಿ.ಲೀ.ಗೆ ಕನಿಷ್ಠ 1.5 ಕೋಟಿ ವೀರ್ಯಾಣು. 2021ರ ಪರಿಷ್ಕರಣೆಯಲ್ಲಿ ಇದು 1.6 ಕೋಟಿ, ಇಡೀ ಸ್ಯಾಂಪಲಿನಲ್ಲಿ ಒಟ್ಟು 3.9 ಕೋಟಿ, ವೀರ್ಯದ ಪ್ರಮಾಣ 1.4 ಮಿ.ಲೀ., ಮುಂದಕ್ಕೆ ಚಲಿಸುವವು ಶೇ. 30. ಸರಿಯಾದ ಆಕಾರದವು ಶೇ. 4 ಇದ್ದರೆ ಸಾಕು. ಈ ನಾಲ್ಕನ್ನು ನೋಡಿ ಗಾಬರಿಯಾಗುವವರೇ ಹೆಚ್ಚು, ಅದರ ಬಗ್ಗೆ ಒಂದು ಸಾಲು ಬರೆದಿದ್ದರೆ ಲ್ಯಾಬಿನ ಗಂಟೇನೂ ಹೋಗುತ್ತಿರಲಿಲ್ಲ. ಗಟ್ಟಿಯಾಗಿ ಬರುವ ವೀರ್ಯ ನೀರಾಗಲು ಹಿಡಿದ ಸಮಯದ ಕಾಲಂ ಖಾಲಿ ಬಿಟ್ಟಿರುವುದು ಮಾತ್ರ ಕಡೆಗಣಿಸುವಂಥ ತಪ್ಪಲ್ಲ. ಅದು ತಿಳಿಯದೆ, ಚಲನೆ ಕಡಿಮೆ ಬಂದದ್ದು ವೀರ್ಯಾಣುವಿನಿಂದಲೋ ದ್ರವ ಗಟ್ಟಿಯಾಗಿದ್ದರಿಂದಲೋ ಹೇಳುವುದು ಕಷ್ಟ.

ಸಲಹೆಯ ಹಾಳೆ ಅರ್ಧ ಚೆನ್ನಾಗಿದೆ. ಬೀಡಿ, ಸಿಗರೇಟು, ಗುಟ್ಕಾ ಬಿಡಿ, ಕುಡಿತ ತಗ್ಗಿಸಿ, ಬೊಜ್ಜು ಇಳಿಸಿ ಅಂತ ಬರೆದಿದ್ದಾರೆ. ಬಿಸಿಯ ವಿಷಯಕ್ಕೆ ‘ಬಿಗಿ ಒಳಉಡುಪು ಬೇಡ’ ಅಂದು ಮುಗಿಸಿದ್ದಾರೆ. ವೃಷಣಕ್ಕೆ ದೇಹಕ್ಕಿಂತ 2ರಿಂದ 4 ಡಿಗ್ರಿ ತಂಪು ಬೇಕು. ಮಂಡ್ಯದ ಕಡೆ ಆಲೆಮನೆಯಲ್ಲಿ ಕೊಪ್ಪರಿಗೆಯ ಉರಿ ನೋಡಿಕೊಳ್ಳುವವನಿಗೆ, ದಿನಪೂರ್ತಿ ಲಾರಿಯ ಇಂಜಿನ್ ಪಕ್ಕ ಕೂರುವವನಿಗೆ ಒಳಉಡುಪು ಬದಲಿಸಿದರೆ ಎಷ್ಟು ಬಂತು? ಅಂಥವರಿಗೆ ಪಾಳಿ ಬದಲಿಸಿಕೊಳ್ಳಿ, ನಡುನಡುವೆ ಎದ್ದು ಓಡಾಡಿ ಅನ್ನಬೇಕಿತ್ತು. ಗದ್ದೆಗೆ ಔಷಧಿ ಹೊಡೆಯುವವರಿಗೆ ಕೈಗವಸು, ಮಾಸ್ಕು, ಕೆಲಸ ಮುಗಿದ ಕೂಡಲೇ ಸ್ನಾನ. ಇದರ ಸುದ್ದಿಯೇ ಇಲ್ಲ.

ದೊಡ್ಡ ಲೋಪ ಬೇರೆಯೇ ಇದೆ. ಜಿಮ್‌ನಲ್ಲಿ ಇಂಜೆಕ್ಷನ್ ತಗೊಂಡಿದ್ದೀರಾ ಅಂತ ಅರ್ಜಿಯಲ್ಲಿ ಎಲ್ಲೂ ಕೇಳಿಲ್ಲ. ಮೈಕಟ್ಟಿಗೆಂದು ಟೆಸ್ಟೋಸ್ಟಿರೋನ್ (ಗಂಡು ಹಾರ್ಮೋನು) ಹೊರಗಿಂದ ಕೊಟ್ಟರೆ ಮಿದುಳು ವೃಷಣಕ್ಕೆ ಕಳಿಸುವ ಹಾರ್ಮೋನು ನಿಂತು, ವೀರ್ಯಾಣು ಸೊನ್ನೆಗೂ ಇಳಿಯಬಹುದು. ಮೈಕಟ್ಟು ಚೆನ್ನಾಗಿದೆ ಅನ್ನುವ ಕಾರಣಕ್ಕೇ ಯಾರಿಗೂ ಅನುಮಾನ ಬರುವುದಿಲ್ಲ. ನಿಲ್ಲಿಸಿದ ಮೇಲೆ ಚೇತರಿಕೆಗೆ ತಿಂಗಳುಗಟ್ಟಲೆ ಹಿಡಿಯುತ್ತದೆ.

ಇನ್ನು ಪುಡಿ. ಅದರಲ್ಲಿ ಮುಖ್ಯವಾಗಿ ಇರುವುದು ಜಿಂಕ್, ಫೋಲಿಕ್ ಆಸಿಡ್. ಅಮೆರಿಕದಲ್ಲಿ 2,370 ಗಂಡಸರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ದಿನಕ್ಕೆ 30 ಮಿ.ಗ್ರಾಂ. ಜಿಂಕ್, 5 ಮಿ.ಗ್ರಾಂ. ಫೋಲಿಕ್ ಆಸಿಡ್ ಆರು ತಿಂಗಳು ಕೊಟ್ಟರೂ ವೀರ್ಯದ ಗುಣಮಟ್ಟವೂ ಸುಧಾರಿಸಲಿಲ್ಲ, ಹೆರಿಗೆಗಳೂ ಹೆಚ್ಚಲಿಲ್ಲ. ಹೊಟ್ಟೆನೋವು, ವಾಕರಿಕೆ ಹೆಚ್ಚಾದದ್ದೇ ಬಂದ ಭಾಗ್ಯ. ಪುಡಿ ಬಿಟ್ಟು ಪರೀಕ್ಷೆ ಮಾತ್ರ ಮಾಡಿಕೊಡಿ ಅಂತ ಕೇಳಿದರೆ ಮಾಡಿಕೊಡುತ್ತಾರೆ, ಆದರೆ ಕೇಳಬೇಕು.

ರಿಪೋರ್ಟ್ ಕಡಿಮೆ ಬಂದರೆ ಒಂದೇ ಪರೀಕ್ಷೆಯ ಮೇಲೆ ತೀರ್ಮಾನ ಬೇಡ, ಮೂರು ತಿಂಗಳ ಮೇಲೆ ಮತ್ತೊಮ್ಮೆ ಮಾಡಿಸಿ. ವೀರ್ಯಾಣು ತಯಾರಾಗಲು ಸುಮಾರು 74 ದಿನ, ಹೊರಬರುವಷ್ಟು ಬಲಿಯಲು ಇನ್ನಷ್ಟು ದಿನ ಬೇಕು. ಹೋದ ತಿಂಗಳ ಜ್ವರವೂ ಇವತ್ತಿನ ಎಣಿಕೆಯನ್ನು ಇಳಿಸಿರಬಹುದು, ಇವತ್ತು ಬಿಟ್ಟ ಬೀಡಿಯ ಫಲ ಕಾಣುವುದು ಮೂರು ತಿಂಗಳ ಮೇಲೆಯೇ. ಸೊನ್ನೆ ಬಂದರೆ, ಅಥವಾ ವೃಷಣದ ಮೇಲೆ ಉಬ್ಬಿದ ರಕ್ತನಾಳ ಕೈಗೆ ಸಿಕ್ಕರೆ, ಮೂರು ತಿಂಗಳು ಕಾಯದೆ ನೇರ ಯೂರಾಲಜಿಸ್ಟ್ (ಮೂತ್ರಾಂಗ, ಪುರುಷ ಜನನಾಂಗದ ತಜ್ಞ ವೈದ್ಯರು) ಹತ್ತಿರ ಹೋಗಿ.