ನೈಸರ್ಗಿಕ ನೀಲಿ ಹರಳು ಅಂತ 1,850 ರೂಪಾಯಿಗೆ ಮೈಲುತುತ್ತ ಮಾರಿದರು, ದಯವಿಟ್ಟು ಓದಿ

ಇದನ್ನು ಬರೆಯಲು ನಾಚಿಕೆ ಆಗುತ್ತಿದೆ. ಹದಿನೈದು ದಿನ ಯಾರಿಗೂ ಹೇಳಲಿಲ್ಲ. ಆದರೆ ಸಣ್ಣ ಮಕ್ಕಳಿರುವ ಮನೆಯವರು ಇದನ್ನು ತರಿಸಿಕೊಂಡರೆ ಏನು ಗತಿ ಅಂತ ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುತ್ತಿಲ್ಲ.

ನಮ್ಮದು ಶಿರಸಿ ಹತ್ತಿರ ಅಡಿಕೆ ತೋಟದ ಮನೆ. ನನಗೆ ಮೊದಲಿನಿಂದಲೂ ವಿಚಿತ್ರ ಗಿಡಗಳ ಹುಚ್ಚು. ಗಾಳಿಗೆ ಮುರಿದು ಬಿದ್ದ ಕೊಂಬೆಯಲ್ಲಿದ್ದ ಸೀತಾಳೆ ದಂಡೆಯನ್ನು ತಂದು ಹಲಸಿನ ಮರಕ್ಕೆ ಕಟ್ಟಿದ್ದೆ, ಅದು ಈಗ ಪ್ರತಿ ವರ್ಷ ಹೂ ಬಿಡುತ್ತದೆ. ಹುಳ ತಿನ್ನುವ ಹೂಜಿ ಗಿಡವೂ ಒಂದಿತ್ತು, ಎರಡು ವರ್ಷದಿಂದ ಮಳೆ ನೀರೇ ಹಿಡಿದಿಟ್ಟು ಹಾಕಿ ಸಾಕಿದ್ದೆ. ಆಮೇಲೆ ಹರಳಿನ ಆಸೆ ಹತ್ತಿತು. ಬಿಸಿ ನೀರಿನಲ್ಲಿ ಪಟಿಕ ಕರಗಿಸಿ, ದಾರ ಇಳಿಬಿಟ್ಟು ಮನೆಯಲ್ಲೇ ಹರಳು ಬೆಳೆಸಿದ್ದೆ. ಅಂದರೆ ಹರಳು ಹೇಗೆ ಬೆಳೆಯುತ್ತದೆ ಅಂತ ನನಗೆ ಗೊತ್ತಿತ್ತು. ಗೊತ್ತಿದ್ದೂ ಮೋಸ ಹೋದೆ.

ಗಿಡ, ಹರಳು ಎರಡನ್ನೂ ಮಾರುವ ಒಂದು ಇನ್‌ಸ್ಟಾಗ್ರಾಂ ಪೇಜ್. ಬೂದು ಕಲ್ಲಿನ ಮೇಲೆ ಹೆಬ್ಬೆರಳಿನಷ್ಟು ದಪ್ಪದ ನೀಲಿ ಹರಳು, ಓರೆ ಅಂಚು, ನೋಡಿದರೆ ಕಣ್ಣು ಕೀಳಲು ಆಗುತ್ತಿರಲಿಲ್ಲ. 'ಗಣಿಯಿಂದ ತೆಗೆದ ನೈಸರ್ಗಿಕ ಕ್ಯಾಲ್ಕಂತೈಟ್, ಇದೊಂದೇ ಪೀಸ್ ಉಳಿದಿದೆ ಮೇಡಂ' ಅಂದರು. ಆ ಹೆಸರನ್ನು ಒಂದು ಸಲ ಹುಡುಕಿ ನೋಡಿದ್ದರೆ ಸಾಕಿತ್ತು. ಕಾಪರ್ ಸಲ್ಫೇಟ್, ಅಂದರೆ ಇದೇ ಮೈಲುತುತ್ತ, ಅಂತ ಮೊದಲ ಸಾಲಿನಲ್ಲೇ ಸಿಗುತ್ತಿತ್ತು. ನಾನು ನೋಡಲಿಲ್ಲ. ಪೀಸ್ ಬೇರೆಯವರ ಪಾಲಾದೀತು ಅಂತ ಗೂಗಲ್ ಪೇ ಮಾಡಿಬಿಟ್ಟೆ.

ಪಾರ್ಸೆಲ್ ಜೊತೆ ಒಂದು ಕಾರ್ಡ್ ಇತ್ತು. ಗಿಡದ ಕುಂಡದಲ್ಲಿ ಇಟ್ಟರೆ ಗಿಡ ಚೆನ್ನಾಗಿ ಬರುತ್ತದಂತೆ. ರಾತ್ರಿ ಕುಡಿಯುವ ನೀರಿನ ಬಾಟಲಿಗೆ ಹಾಕಿಟ್ಟು ಬೆಳಿಗ್ಗೆ ಕುಡಿದರೆ ಗಂಟಲಿಗೆ ಒಳ್ಳೆಯದಂತೆ. ಕುಡಿಯುವ ಕೆಲಸ ನಾನು ಮಾಡಲಿಲ್ಲ, ದೇವರು ದೊಡ್ಡವನು. ಆದರೆ ಚೆಂದ ಕಾಣುತ್ತದೆ ಅಂತ ಹೂಜಿ ಗಿಡದ ಕುಂಡದಲ್ಲಿ, ಪಾಚಿಯ ಮೇಲೆ ಇಟ್ಟೆ. ಜುಲೈ ತಿಂಗಳು, ಜಗಲಿ ಅಂಚಿನಲ್ಲಿ ಇಡೀ ದಿನ ಎರಚಲು. ಹತ್ತು ದಿನಕ್ಕೆ ಹರಳಿನ ಸುತ್ತ ಪಾಚಿ ಕಂದು ಬಣ್ಣಕ್ಕೆ ತಿರುಗಿತು, ತಟ್ಟೆಗೆ ಇಳಿದ ನೀರು ತಿಳಿ ನೀಲಿ. ಆಮೇಲೆ ಹೂಜಿಗಳು ಒಂದೊಂದಾಗಿ ಮುಚ್ಚಳದ ಕಡೆಯಿಂದ ಒಣಗುತ್ತಾ ಬಂದವು.

ಫೋಟೋ ಕಳಿಸಿ ಕೇಳಿದೆ. 'ಗಿಡ ಹೊಸ ಜಾಗಕ್ಕೆ ಹೊಂದಿಕೊಳ್ಳುತ್ತಿದೆ ಮೇಡಂ' ಅಂದರು. ಗಿಡ ನಿಮ್ಮದಲ್ಲ, ಎರಡು ವರ್ಷದಿಂದ ನನ್ನ ಹತ್ತಿರವೇ ಇದೆ ಅಂದೆ. 'ಹಾಗಾದರೆ ನೀರು ಜಾಸ್ತಿ ಆಗಿದೆ.' ಇಷ್ಟೇ ಉತ್ತರ!

ಅವತ್ತು ಅಡಿಕೆಗೆ ಎರಡನೇ ಸಲದ ಕೊಳೆರೋಗದ ಔಷಧಿ ಹೊಡೆಸುವ ದಿನ. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ಬರುವ ಮೊದಲು ಅಪ್ಪಯ್ಯ ಡ್ರಮ್ಮಿನಲ್ಲಿ ಮೈಲುತುತ್ತ ಕರಗಿಸುತ್ತಿದ್ದರು, ನೂರು ಲೀಟರಿಗೆ 1 ಕಿಲೋ ಲೆಕ್ಕದಲ್ಲಿ. ಕೈ ಒರೆಸುತ್ತಾ ಜಗಲಿಗೆ ಬಂದವರು ಕುಂಡದ ಮುಂದೆ ನಿಂತರು.

"ತಂಗಿ, ಇದು ಮೈಲುತುತ್ತ ಅಲ್ದನೇ?"

ನಾನು ಇಲ್ಲ ಅಪ್ಪಯ್ಯ, ಇದು ಗಣಿಯಿಂದ ಬಂದ ಕಲ್ಲು ಅಂದೆ. ಅವರು ಏನೂ ಹೇಳಲಿಲ್ಲ. ಹರಳಿನ ಮೇಲೆ ಎರಡು ಹನಿ ನೀರು ಹಾಕಿ, ಕತ್ತಿಯ ಅಲಗನ್ನು ಅದರ ಮೇಲೆ ಸ್ವಲ್ಪ ಹೊತ್ತು ಇಟ್ಟರು. ತೆಗೆದಾಗ ಅಲಗಿಗೆ ಕೆಂಪಗೆ ತಾಮ್ರ ಹತ್ತಿತ್ತು. ಮೈಲುತುತ್ತಕ್ಕೆ ಸುಣ್ಣ ಸೇರಿಸಿ ಬೋರ್ಡೋ ಅನ್ನುವ ಈ ಕೊಳೆ ಔಷಧಿ ಮಾಡುವವರಿಗೆಲ್ಲ ಈ ಪರೀಕ್ಷೆ ಗೊತ್ತು, ಸುಣ್ಣ ಕಡಿಮೆಯಾದರೆ ಕತ್ತಿಗೆ ಹೀಗೇ ಹತ್ತುತ್ತದೆ. "ಅಟ್ಟದಲ್ಲಿ ಅರ್ಧ ಚೀಲ ಇದ್ದಲೆ" ಅಂದು ತೋಟಕ್ಕೆ ಹೋದರು. ಬೈದಿದ್ದರೂ ಅಷ್ಟು ಬೇಜಾರಾಗುತ್ತಿರಲಿಲ್ಲ. ನಾನು ಅಲ್ಲೇ ನಿಂತಿದ್ದೆ. ಹುಟ್ಟಿದಾಗಿನಿಂದ ನೋಡಿದ ವಸ್ತು, ನಮ್ಮದೇ ಅಟ್ಟದಲ್ಲಿರುವ ವಸ್ತು.

ಆಮೇಲೆ ಹರಳನ್ನು ಒಡೆದೆ. ಮಧ್ಯದಲ್ಲಿ ಗುಂಡುಸೂಜಿಗಿಂತ ಸಣ್ಣ ನೈಲಾನ್ ದಾರದ ತುಂಡು. ಕೆಳಗಿನ ಬೂದು ಕಲ್ಲಿಗೆ ಅಂಟಿಸಿದ ಗೋಂದಿನ ಗುರುತು. ನಿಸರ್ಗದಲ್ಲಿ ಇದು ಸಿಗುವುದು ತಾಮ್ರದ ಗಣಿಗಳ ಒಣ ಜಾಗದಲ್ಲಿ, ಅದೂ ಹೆಚ್ಚಾಗಿ ನಾರಿನ ಹಾಗೆ ಅಥವಾ ತೆಳು ಪದರದ ಹಾಗೆ. ಇಷ್ಟು ದಪ್ಪ, ಇಷ್ಟು ಚೊಕ್ಕ ಹರಳು ಕಂಡರೆ ಬಹುಪಾಲು ಯಾರೋ ಪಾತ್ರೆಯಲ್ಲಿ ಬೆಳೆಸಿದ್ದೇ. ಬೆಳೆಸಿದ್ದು ಅಂತ ಹೇಳಿ ಮಾರಿದ್ದರೆ ನನ್ನ ತಕರಾರೇ ಇರಲಿಲ್ಲ.

ಕತ್ತಿಯ ವಿಡಿಯೋ, ದಾರದ ಫೋಟೋ ಎರಡೂ ಕಳಿಸಿದೆ. 'ಒರಿಜಿನಲ್ ಹರಳಿನಲ್ಲೂ ತಾಮ್ರ ಇರುತ್ತದೆ ಮೇಡಂ, ನೀವೇ ಪ್ರೂಫ್ ಕೊಟ್ಟಿದ್ದೀರಿ' ಅಂದರು. ದಾರದ ಬಗ್ಗೆ ಒಂದು ಮಾತಿಲ್ಲ. ಯಾವ ಗಣಿ ಅಂತ ಮೂರು ಸಲ ಕೇಳಿದೆ, ಉತ್ತರ ಇಲ್ಲ. ಕುಡಿಯಲು ಹೇಳಿದ್ದೀರಲ್ಲ, ಇದು ವಿಷ ಅಲ್ವಾ ಅಂದರೆ, 'ಕುಡಿಯಲೇಬೇಕು ಅಂತ ನಾವು ಹೇಳಿಲ್ಲ, ನಂಬಿಕೆ ಇರುವವರು ಕುಡಿಯುತ್ತಾರೆ.' ಆಮೇಲೆ ಬ್ಲಾಕ್.

ನಂಬಿಕೆಯಂತೆ! ಮೈಲುತುತ್ತ ಹೊಟ್ಟೆಗೆ ಹೋದರೆ ವಾಂತಿ, ಹೊಟ್ಟೆ ಸುಡುವುದು, ಜಾಸ್ತಿ ಹೋದರೆ ಲಿವರ್, ಕಿಡ್ನಿಗೆ ಹಾನಿ, ಪ್ರಾಣವೂ ಹೋಗಬಹುದು. ಅಕ್ಕನ ಮಗಳಿಗೆ ನಾಲ್ಕು ವರ್ಷ. ಪಾರ್ಸೆಲ್ ಬಿಚ್ಚಿದ ದಿನ "ಚಿಕ್ಕಿ, ನೀಲಿ ಕಲ್ಲುಸಕ್ಕರೆ ಕೊಡು" ಅಂತ ಕೈ ಚಾಚಿದ್ದಳು. ಆಗ ನಕ್ಕಿದ್ದೆ. ಈಗ ನೆನೆಸಿಕೊಂಡರೆ ಕೈಕಾಲು ತಣ್ಣಗಾಗುತ್ತದೆ.

ನೀವು ಇಂಥದ್ದು ಈಗಾಗಲೇ ತರಿಸಿದ್ದರೆ ನೀರಿನ ಬಾಟಲಿಯಿಂದ, ಗಿಡದಿಂದ, ಮಕ್ಕಳ ಕೈಗೆ ಸಿಗುವ ಜಾಗದಿಂದ ಇವತ್ತೇ ತೆಗೆಯಿರಿ. ಹಳ್ಳಕ್ಕೆ, ಬಾವಿ ಹತ್ತಿರ ಎಸೆಯಬೇಡಿ, ಮೀನು ಸಾಯುತ್ತವೆ. ಒದ್ದೆ ಬಟ್ಟೆಯಿಂದ ಒರೆಸಿದಾಗ ಬಟ್ಟೆ ನೀಲಿಯಾದರೆ ಮುಂದೆ ಮಾತೇ ಬೇಡ. ದುಡ್ಡು ಕಳಿಸುವ ಮೊದಲೇ ಯಾವ ಗಣಿ ಅಂತ ಕೇಳಿ.

1915ಕ್ಕೆ ಫೋನ್ ಮಾಡಿ ಗ್ರಾಹಕ ದೂರು ಕೊಟ್ಟಿದ್ದೇನೆ. ದುಡ್ಡು ಬಂದರೂ ಗಿಡ ಬರುವುದಿಲ್ಲ, ಬುಡದವರೆಗೂ ಕಪ್ಪಾಗಿದೆ. ನಿನ್ನೆ ಅಕ್ಕನ ಫೋನಿನಲ್ಲಿ ಆ ಪೇಜ್ ತೆಗೆದು ನೋಡಿದೆ. ಅದೇ ಫೋಟೋ ಮತ್ತೆ ಹಾಕಿದ್ದಾರೆ, 'ಇದೊಂದೇ ಪೀಸ್', ಈಗ 2,200 ರೂಪಾಯಿ. ಬಾಟಲಿಗೆ ಹಾಕಿ ಕುಡಿಯಿರಿ ಅನ್ನುವ ಸಾಲು ಹಾಗೇ ಇದೆ.